ಎಎ ಸಭೆ, ಶಿಬಿರದ ಸಮಿತಿ, ಮೊಬೈಲ್ ಸಭೆ: ಕೊಡಗಿನಲ್ಲಿ ಯಾವುದು ಯಾರಿಗೆ ಹೊಂದುತ್ತೆ?

ಕುಡಿತ ಬಿಟ್ಟವರ ಜೊತೆ ಕೂತು ಮಾತಾಡೋಕೆ ಒಂದು ಜಾಗ ಬೇಕು ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ಮೂರು ದಾರಿ. ಒಂದು, ಪೇಟೆಯಲ್ಲಿ ನಡೆಯೋ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅನ್ನೋದು. ಇನ್ನೊಂದು, ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ, ಅದು ಮುಗಿದ ಮೇಲೆ ಶಿಬಿರಕ್ಕೆ ಹೋದವರು ಸೇರುವ ನವಜೀವನ ಸಮಿತಿ. ಮತ್ತೊಂದು, ಮೊಬೈಲ್‌ನಲ್ಲಿ ಸೇರುವ ಜೂಮ್ ಸಭೆ. ಮೂರು ಕಡೆಯೂ ಕೂತಿದ್ದೇನೆ.

ಹೋಲಿಕೆಗೆ ಮೊದಲು ಒಂದು ಮಾತು. ಬೆಳಿಗ್ಗೆ ಕೈ ನಡುಗಿ, ಒಂದು ಪೆಗ್ ಒಳಗೆ ಹೋದ ಮೇಲೆಯೇ ನಿಲ್ಲುವ ಸ್ಥಿತಿಯಲ್ಲಿರುವವರು ಮೊದಲು ಆಸ್ಪತ್ರೆಗೆ ಹೋಗಿ, ಸಭೆ ಆಮೇಲೆ. ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಅದಾದ ಮೇಲೂ ಒಂದೆರಡು ದಿನ ಕೆಲವರಿಗೆ ಇಲ್ಲದ್ದೆಲ್ಲ ಕಂಡು, ಭ್ರಮೆ ಹಿಡಿದು ಜೀವಕ್ಕೇ ಸಂಚಕಾರ ಬರುತ್ತೆ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಅಂತ ಒಂದು ಯೋಜನೆ ಇದೆ, ವಿಚಾರಿಸಿಕೊಂಡು ಹೋಗಿ. ಅಪರಾತ್ರಿಯಲ್ಲಿ ಮನಸ್ಸು ಹಿಡಿತ ತಪ್ಪಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಬಿಡಿಸ್ತೀವಿ ಅನ್ನುವ ಮಾತ್ರೆ, ಪುಡಿಗಳ ತಂಟೆಗೆ ಮಾತ್ರ ಹೋಗಬೇಡಿ.

ಎಎ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಹೊಸ ಮುಖ ಕಂಡರೆ ಮೊದಲು ಕೇಳೋದೇ 'ಯಾವ ಮನೆಯವರು?' ಅಂತ. ಮನೆ ಹೆಸರು ಹೇಳಿದರೆ ಮುಗೀತು, ಅಜ್ಜನ ಮಿಲಿಟರಿ ಸರ್ವಿಸಿನಿಂದ ಹಿಡಿದು ತೋಟದ ಸಾಲದವರೆಗೂ ಅವರೇ ಹೇಳ್ತಾರೆ. ಎಎ ಕೋಣೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಊರಿನ ಹೆಸರು ನಾನಿಲ್ಲಿ ಬರೆಯೋದಿಲ್ಲ, ಕಾರಣ ನಿಮಗೇ ಗೊತ್ತು. ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಕಪ್ಪು ಕಾಫಿ. ಮಿಲಿಟರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಲೋಟ ಕೈಗಿಟ್ಟು, "ಕೂತ್ಕೊ ಮಗ, ಇಲ್ಲಿ ಮಾತಾಡ್ಲೇಬೇಕು ಅಂತೇನಿಲ್ಲ" ಅಂದರು. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಕೊಡಗಿನ ಗಂಡಸರು ಒಂದು ಗಂಟೆ ಯಾರಿಗೂ ಬುದ್ಧಿ ಹೇಳದೆ ಕೂತಿದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ. ಶುಲ್ಕ ಇಲ್ಲ. ಕೊನೆಯಲ್ಲಿ ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತೆ, ಇದ್ದರೆ ಹಾಕಿ, ಇಲ್ಲದಿದ್ದರೆ ದಾಟಿಸಿ. ಹೊರಗಿನವರ ದೇಣಿಗೆ ಅವರು ಮುಟ್ಟೋದಿಲ್ಲ. ಸದಸ್ಯನಾಗೋಕೆ ಕುಡಿತ ಬಿಡುವ ಆಸೆ ಇದ್ದರೆ ಸಾಕು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್, ಹೀಗೆ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದಲ್ಲಿಂದ ಶುರುವಾಗಿದ್ದಂತೆ ಇದು. ಆ ಕೋಣೆಯಲ್ಲಿ ಕೂತರೆ ನಂಬಿಕೆ ಬರುತ್ತೆ.

ತೊಂದರೆ ಬಸ್ಸಿನದು. ಸಭೆ ಸಂಜೆಗೆ, ನಮ್ಮ ಕಡೆ ಕೊನೇ ಬಸ್ಸೂ ಸಂಜೆಗೇ. ಸ್ವಂತ ಗಾಡಿ ಇಲ್ಲದ, ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕನಿಗೆ ಎಎ ಸಭೆ ಇದ್ದೂ ಇಲ್ಲದಂತೆ.

ಶಿಬಿರ ಇದಕ್ಕೆ ಪೂರಾ ತದ್ವಿರುದ್ಧ. ಎಂಟು ದಿನ ಸಮುದಾಯ ಭವನದಲ್ಲೇ ಊಟ, ನಿದ್ದೆ. ಬೆಳಿಗ್ಗೆ ಯೋಗ, ಆಮೇಲೆ ಸಲಹೆ, ಸಂಜೆ ಭಜನೆ. ನನ್ನ ಪಕ್ಕದ ಚಾಪೆಯ ಕ್ರಿಶ್ಚಿಯನ್ ಹುಡುಗ ಎಲ್ಲರಿಗಿಂತ ಚೆನ್ನಾಗಿ ತಾಳ ಹಾಕ್ತಿದ್ದ. ಕುಟುಂಬ ದಿನ ಅಂತ ಒಂದು ದಿನ ಮನೆಯವರು ಬರ್ತಾರೆ. ಅವತ್ತು ತಲೆ ಎತ್ತಿ ಕೂತ ಗಂಡಸು ಒಬ್ಬನೂ ಇರಲಿಲ್ಲ. ಇಲ್ಲಿ ಗುಟ್ಟು ಅನ್ನೋದೇ ಇಲ್ಲ, ಬ್ಯಾನರ್ ಕಟ್ಟಿ, ಊರ ಪ್ರಮುಖರನ್ನು ಕರೆದು ಸಮಾರೋಪ ಮಾಡ್ತಾರೆ. ಮೊದಮೊದಲು ಮೈ ಹಿಡಿಯಾಗ್ತಿತ್ತು. ಆಮೇಲೆ ಒಂದು ಮದುವೆಯಲ್ಲಿ ಗ್ಲಾಸ್ ಹಂಚುತ್ತಾ ಬಂದ ಚಿಕ್ಕಪ್ಪ, "ಇವ ಶಿಬಿರಕ್ಕೆ ಹೋದವ, ಇವನಿಗೆ ಬೇಡ" ಅಂತ ಗಟ್ಟಿಯಾಗಿ ಹೇಳಿ ಮುಂದೆ ಹೋದರು. ನಾಚಿಕೆಯೂ ಆಯ್ತು, ಉಪಕಾರವೂ ಆಯ್ತು. ಕಾರಣನಿಗೆ, ಅಂದರೆ ಮನೆತನದ ಪೂರ್ವಿಕನಿಗೆ, ಎಡೆ ಇಡುವಾಗಲೂ ಬಾಟಲಿ ಇರುವ ನಾಡು ಇದು. ಕೈಲ್‌ಪೊಳ್ದ್, ಪುತ್ತರಿ ಹಬ್ಬ, ಮದುವೆ, ಎಲ್ಲಾ ಕಡೆ 'ಬೇಡ' ಅನ್ನೋದೇ ದೊಡ್ಡ ಕೆಲಸ. ಶಿಬಿರಕ್ಕೆ ಹೋದವನ ಪರವಾಗಿ ಅದನ್ನು ಊರೇ ಹೇಳುತ್ತೆ. ಎಎ ಅದನ್ನು ಮಾಡಿಕೊಡಲಾರದು.

ಆದರೆ ಶಿಬಿರ ಬೇಕೆಂದಾಗ ಸಿಗೋದಿಲ್ಲ, ಹತ್ತಿರದಲ್ಲಿ ಯಾವಾಗ ಇಡ್ತಾರೋ ಕಾಯಬೇಕು. ನವಜೀವನ ಸಮಿತಿಗೂ ಡಿಸೆಂಬರ್ ಬಂತೆಂದರೆ ನಮ್ಮವರು ಬರೋದು ಕಡಿಮೆ, ಕಾಫಿ ಕೊಯ್ಲು. ವಾರದ ಬಟವಾಡೆ, ಸಂತೆ, ಬಾರು ಒಟ್ಟಿಗೇ ಬರುವ ಆ ತಿಂಗಳುಗಳಲ್ಲೇ ಸಭೆ ಹೆಚ್ಚು ಬೇಕಾಗೋದು.

ಮೊಬೈಲ್ ಸಭೆಯ ಬಗ್ಗೆ ಹೆಚ್ಚೇನಿಲ್ಲ. ಕನ್ನಡದಲ್ಲೂ ಸಿಗುತ್ತೆ, ಕ್ಯಾಮೆರಾ ಹಾಕಲೇಬೇಕು ಅಂತಿಲ್ಲ. ನನಗೆ ನೆಟ್‌ವರ್ಕ್ ಸಿಗೋದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ, ಅಲ್ಲೇ ಕೊಡೆ ಹಿಡಿದು ಕೂತು ಕೇಳಿದ್ದೇನೆ. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆದಾಗ ಬೇರೆ ಗತಿಯೂ ಇಲ್ಲ. ಆದರೆ ಒಂದು ವಾರ ನಾನು ಸೇರದಿದ್ದರೆ ಯಾರಿಗೂ ತಿಳಿಯಲಿಲ್ಲ. ಎಎಗೆ ತಪ್ಪಿಸಿದಾಗ ಆ ಹಿರಿಯರ ಫೋನ್ ಬಂದಿತ್ತು. ಹೆಂಗಸರಿಗೆ ಮಾತ್ರ ನಾನು ಮೊದಲು ಹೇಳೋದು ಮೊಬೈಲ್ ಸಭೆಯನ್ನೇ. ಕುಡಿಯುವ ಹೆಂಗಸರು ನಮ್ಮಲ್ಲೂ ಇದ್ದಾರೆ, ಗಂಡಸರೇ ತುಂಬಿದ ಕೋಣೆಗೆ ಒಬ್ಬಳೇ ನಡೆದು ಹೋಗು ಅನ್ನೋದು ಸುಲಭದ ಮಾತಲ್ಲ.

ತೋಟದ ಕೆಲಸದವರಿಗೆ, ಮನೆಯವರ ಬೆಂಬಲ ಇರುವವರಿಗೆ ಶಿಬಿರವೇ ಸರಿ. ಊರಿಗೆ ಗೊತ್ತಾದರೆ ಕೆಲಸಕ್ಕೆ ಕುತ್ತು ಅನ್ನುವವರಿಗೆ ಎಎ, ಅದೂ ತಮ್ಮ ಪೇಟೆ ಬಿಟ್ಟು ಪಕ್ಕದ ಪೇಟೆಯದು. ವಿರಾಜಪೇಟೆಯವರಿಗೆ ಮಡಿಕೇರಿ ಗಂಟೆಯ ದಾರಿ. ನಾನು ಈಗ ಉಳಿಸಿಕೊಂಡಿರೋದು ಎಎ, ಮಳೆಗಾಲದಲ್ಲಿ ಮೊಬೈಲು.

ಹೋಗುವ ಮುಂಚೆ ಎಎ ಸಹಾಯವಾಣಿಗೆ ಫೋನ್ ಮಾಡಿ ಈ ವಾರ ಸಭೆ ಇದೆಯಾ ಅಂತ ಕೇಳಿಕೊಳ್ಳಿ. ಹೆಂಡತಿಯೋ ಅಣ್ಣನೋ ಜೊತೆಗೆ ಬರೋದಾದರೆ 'ಓಪನ್ ಮೀಟಿಂಗ್' ಯಾವತ್ತು ಅಂತಲೂ ಕೇಳಿ, ಉಳಿದ ದಿನ ಅವರನ್ನು ಒಳಗೆ ಕೂರಿಸೋದಿಲ್ಲ. ಮನೆಯವರಿಗಾಗಿಯೇ ಅಲ್-ಅನಾನ್ ಅಂತ ಬೇರೆ ಕೂಟ ಇದೆ, ಗಂಡ ಇನ್ನೂ ಬಿಡದಿದ್ದರೂ ಹೆಂಡತಿ ಅದಕ್ಕೆ ಹೋಗಬಹುದು.