ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ: ಕಿರುಚಿತ್ರದ ಡಿಐಗೆ ಸಾಕೇ?

ಬಹುಪಾಲು ಸಾಕು. ರಿಸಾಲ್ವ್ ಎಂದರೆ ಎಡಿಟಿಂಗ್ ಮತ್ತು ಬಣ್ಣ ತಿದ್ದುವ ತಂತ್ರಾಂಶ; ಡಿಐ ಎಂದರೆ ಎಡಿಟಿಂಗ್ ಮುಗಿದ ಮೇಲೆ ಚಿತ್ರದ ಬಣ್ಣ, ಬೆಳಕು ತಿದ್ದುವ ಕೆಲಸ. ತಿದ್ದುವಿಕೆಯ ಒಂದೊಂದು ಹೆಜ್ಜೆಯಾದ ನೋಡ್, ಬಣ್ಣ ನೋಡಿ ಭಾಗ ಆರಿಸುವ ಕ್ವಾಲಿಫೈಯರ್, ಆಕಾರ ಬರೆದು ಭಾಗ ಆರಿಸುವ ಪವರ್ ವಿಂಡೋ, ಅದನ್ನು ಚಲನೆಯ ಜೊತೆ ಒಯ್ಯುವ ಟ್ರ್ಯಾಕರ್, ಬಣ್ಣ-ಬೆಳಕು ಅಳೆದು ತೋರಿಸುವ ಸ್ಕೋಪ್ ಎಲ್ಲ ಇವೆ. 3840x2160 ಅಳತೆಯಲ್ಲಿ ಸೆಕೆಂಡಿಗೆ 60 ಫ್ರೇಮ್‌ವರೆಗೆ ರೆಂಡರ್ ಆಗುತ್ತದೆ. ಸ್ವಂತ ದುಡ್ಡಿನಲ್ಲಿ ಕಿರುಚಿತ್ರ ಮಾಡುವವರಿಗೆ ಇಷ್ಟು ಸಿಗುವುದೇ ದೊಡ್ಡ ವಿಷಯ.

ವಿಂಡೋಸ್‌ನಲ್ಲಿ 10 ಬಿಟ್ (ಬಣ್ಣದ ಹಂತಗಳು ಹೆಚ್ಚಿರುವ) ಎಚ್.264 ವಿಡಿಯೋ ಫೈಲ್ ಹಾಕಿದಾಗ ಧ್ವನಿ ಮಾತ್ರ ಬಂದು ಚಿತ್ರ ಕಾಣದಿರುವುದುಂಟು. ಅಂಥದ್ದನ್ನು ಎಡಿಟಿಂಗ್‌ಗೆ ಮೊದಲೇ, ಎಡಿಟಿಂಗ್‌ಗೆ ಹಗುರವಾದ ಫೈಲ್ ಮಾದರಿಯಾದ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್‌ಗೆ ಬದಲಾಯಿಸಿಕೊಳ್ಳಿ. ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಹೆಚ್ಚು ಬೇಕು, ಆದರೆ ಪ್ಲೇಬ್ಯಾಕ್ ಸಲೀಸು.

ಸೋನಿ ಎಸ್-ಲಾಗ್3 (ಬೆಳಕಿನ ವಿವರ ಉಳಿಸಲು ಮಂಕಾಗಿ ಚಿತ್ರಿಸುವ ವಿಧಾನ) ಫುಟೇಜ್ ಇದ್ದರೆ ಮೊದಲ ನೋಡ್‌ನಲ್ಲಿ ಬಣ್ಣವ್ಯಾಪ್ತಿ ಬದಲಿಸುವ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ ರಿಸಾಲ್ವ್‌ನ ಸ್ವಂತ ವಿಶಾಲ ಬಣ್ಣವ್ಯಾಪ್ತಿಯಾದ ಡಾವಿಂಚಿ ವೈಡ್ ಗ್ಯಾಮಟ್, ಇಂಟರ್‌ಮೀಡಿಯೇಟ್‌ಗೆ ತನ್ನಿ. ಕೊನೆಯ ನೋಡ್‌ನಲ್ಲಿ ಅಲ್ಲಿಂದ ಸಾಮಾನ್ಯ ಟಿವಿ ಪರದೆಯ ಮಾನದಂಡವಾದ ರೆಕ್.709, ಗಾಮಾ 2.4ಕ್ಕೆ ಇಳಿಸಿ. ತಿದ್ದುವುದೆಲ್ಲ ಇವೆರಡರ ನಡುವೆ. ಲಟ್ (ಬಣ್ಣ ಬದಲಿಸುವ ಸಿದ್ಧ ಕೋಷ್ಟಕ) ಮೊದಲು ಹಾಕಿ ಆಮೇಲೆ ತಿದ್ದಲು ಹೊರಟರೆ, ಅದು ಕತ್ತರಿಸಿದ ಆಕಾಶದ ವಿವರ ಮುಂದಿನ ನೋಡ್‌ಗಳಿಗೆ ಸಿಗುವುದಿಲ್ಲ.

ಮುಖದ ಬಣ್ಣದಲ್ಲೇ ಕಲರಿಸ್ಟ್‌ನ ಕೈ ಗೊತ್ತಾಗುವುದು. ಮೈಬಣ್ಣ ಕಪ್ಪಿರಲಿ, ಗೋಧಿಬಣ್ಣವಿರಲಿ, ಬಣ್ಣ ತೋರಿಸುವ ವೆಕ್ಟರ್‌ಸ್ಕೋಪ್‌ನ ಸ್ಕಿನ್ ಟೋನ್ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ವ್ಯತ್ಯಾಸವಿರುವುದು ಮುಖ್ಯವಾಗಿ ಬೆಳಕಿನ ಮಟ್ಟದಲ್ಲಿ. ಗಾಮಾ (ನಡುಮಟ್ಟದ ಬೆಳಕು) ಎತ್ತಿ ಕಪ್ಪು ಮುಖವನ್ನು ಬೆಳ್ಳಗೆ ಮಾಡಿದರೆ ಬೂದಿ ಬಳಿದಂತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಟ್ಯೂಬ್‌ಲೈಟ್‌ನ ಹಸಿರನ್ನು ಟಿಂಟ್‌ನಲ್ಲಿ ಮಜೆಂಟಾ ಕಡೆಗೆ ಸರಿಸಿ ಕಳೆಯಬಹುದು. ಆದರೆ ಅದೇ ಶಾಟ್‌ನಲ್ಲಿ ಕಿಟಕಿಯ ಬೆಳಕೂ ಇದ್ದರೆ ಆ ಬದಿಯ ಕೆನ್ನೆ ಗುಲಾಬಿಯಾಗುತ್ತದೆ. ಆಗ ಟ್ಯೂಬ್‌ಲೈಟ್ ಬಿದ್ದ ಭಾಗಕ್ಕಷ್ಟೇ ಪವರ್ ವಿಂಡೋ ಹಾಕಿ, ಅಂಚು ಮೃದುಮಾಡಿ, ಟ್ರ್ಯಾಕ್ ಮಾಡಿ.

ಶಾಟ್‌ಗಳನ್ನು ಹೊಂದಿಸಲು ದೃಶ್ಯದ ಮುಖ್ಯ ಶಾಟ್ ಒಂದನ್ನು ಮುಗಿಸಿ ಸ್ಟಿಲ್ ತೆಗೆದಿಟ್ಟುಕೊಂಡು, ಉಳಿದವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಬೆಳಕಿನ ಮಟ್ಟ ಮೊದಲು, ಬಣ್ಣ ಆಮೇಲೆ.

ಉಚಿತ ಆವೃತ್ತಿ ಕೈಕೊಡುವುದು ರಾತ್ರಿಯ ದೃಶ್ಯಗಳಲ್ಲಿ. ಚಿತ್ರದ ಕಾಳುಕಾಳನ್ನು ತಗ್ಗಿಸುವ ನಾಯ್ಸ್ ರಿಡಕ್ಷನ್ ಮೆನುವಿನಲ್ಲಿ ಕಾಣುತ್ತದೆ, ಆದರೆ ಕೆಲಸ ಮಾಡುವುದು ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ. ಬೆಳಕಿನ ಮಿನುಗು ತೆಗೆಯುವ ಡಿಫ್ಲಿಕರ್ ಕೂಡ ಹಾಗೆಯೇ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಾಗಾಗಿ 24 ಫ್ರೇಮ್‌ನಲ್ಲಿ ಚಿತ್ರಿಸುವಾಗಲೂ ಶಟರ್ 1/50 ಇಟ್ಟರೆ ಟ್ಯೂಬ್‌ಲೈಟ್ ಮಿನುಗುವ ತೊಂದರೆ ಸೆಟ್‌ನಲ್ಲೇ ಮುಗಿಯುತ್ತದೆ. ಬಣ್ಣದ ಹಂತಗಳು ಕಡಿಮೆಯಿರುವ 8 ಬಿಟ್ ಫುಟೇಜ್‌ನ ಕತ್ತಲನ್ನು ಎತ್ತಲು ಹೋದರೆ ಗೋಡೆಯ ಮೇಲೆ ಪಟ್ಟೆಗಳು ಏಳುತ್ತವೆ. ಅದಕ್ಕೆ ಸ್ಟುಡಿಯೋದಲ್ಲೂ ಪೂರ್ತಿ ಮದ್ದಿಲ್ಲ.

ಸ್ಟುಡಿಯೋ ಬೆಲೆ 295 ಡಾಲರ್, ಒಂದೇ ಸಲ ಕೊಡುವುದು. ಅರ್ಧ ಚಿತ್ರ ರಾತ್ರಿಯಲ್ಲಿದ್ದರೆ ಕೊಳ್ಳಿ. ಇಲ್ಲದಿದ್ದರೆ ಆ ಹಣ ಕ್ಯಾಲಿಬ್ರೇಟ್ ಆದ (ಬಣ್ಣ ಸರಿಯಾಗಿ ತೋರುವಂತೆ ಹೊಂದಿಸಿದ) ಮಾನಿಟರ್‌ಗೆ ಹೋಗಲಿ.