ಹಳೆಯ ಫೋನಿಗೊಂದು ಡಿಎಸಿ: ಮೂರು ತಿಂಗಳ ಅನುಭವ

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ನಾನು, ಮೂಲೆ ಸೇರಿದ್ದ ಆಂಡ್ರಾಯ್ಡ್ ಫೋನಿನ ಸಿಮ್ ತೆಗೆದು, ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಹೆಬ್ಬೆರಳು ಗಾತ್ರದ ಯುಎಸ್‌ಬಿ ಡಿಎಸಿಯನ್ನು ಅದಕ್ಕೆ ಸಿಕ್ಕಿಸಿ, ಸಂಗೀತಕ್ಕೆಂದೇ ಮೀಸಲಿಟ್ಟು ಮೂರು ತಿಂಗಳಾಯಿತು. ಅಂಕಿಗಳ ರೂಪದಲ್ಲಿರುವ ಧ್ವನಿಯನ್ನು ಇಯರ್‌ಫೋನಿಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುವುದೇ ಡಿಎಸಿಯ ಕೆಲಸ. ವ್ಯತ್ಯಾಸ ಮೊದಲು ತಿಳಿದದ್ದು ವೀಣೆಯಲ್ಲಿ: ನನ್ನ ಅಗ್ಗದ ಬ್ಲೂಟೂತ್ ಇಯರ್‌ಫೋನಿನಲ್ಲಿ ಮಸುಕಾಗುತ್ತಿದ್ದ ತಂತಿಯ ಅನುರಣನ ಈಗ ಮುಂದಿನ ಸ್ವರ ಬರುವವರೆಗೂ ನಿಲ್ಲುತ್ತದೆ. ಆದರೆ ಫೈಲೇ ಕಳಪೆಯಾಗಿದ್ದರೆ ಯಾವ ಡಿಎಸಿಯೂ ಕಾಪಾಡದು; ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ 44,100 ಸಲ ಅಳೆದ) ಧ್ವನಿಯನ್ನು ನಷ್ಟವಿಲ್ಲದೆ ಉಳಿಸುವ ಫ್ಲ್ಯಾಕ್ ಫೈಲುಗಳನ್ನೇ ತುಂಬಿಕೊಳ್ಳುವುದು ಲೇಸು. ಅದನ್ನೂ ಅನೇಕ ಆಂಡ್ರಾಯ್ಡ್ ಫೋನುಗಳು 48 ಕಿಲೋಹರ್ಟ್ಸ್‌ಗೆ ಬದಲಿಸಿ ಕಳುಹಿಸುವುದರಿಂದ, ಡಿಎಸಿಗೆ ನೇರವಾಗಿ ಧ್ವನಿ ಮುಟ್ಟಿಸುವ ಆ್ಯಪ್ ಒಂದನ್ನು ಹಣ ಕೊಟ್ಟು ಹಾಕಿಕೊಂಡೆ. ಈ ಬದಲಾವಣೆ ನನ್ನ ಕಿವಿಗೆ ತಿಳಿಯಿತೆಂದು ಎದೆ ತಟ್ಟಿ ಹೇಳಲಾರೆ. ಬ್ಯಾಟರಿ ಬೇಗ ಇಳಿಯುತ್ತದೆ, ಅದನ್ನು ಸಹಿಸಬಹುದು. ಸಹಿಸಲಾಗದ್ದು ಸಡಿಲವಾದ ಜೋಡಣೆ: ನೂಕುನುಗ್ಗಲಿನಲ್ಲಿ ಜೇಬು ತುಸು ಅಲುಗಿದರೂ ಸಾಕು, ರೈಲು ತುಮಕೂರಿನ ಪಕ್ಕದ ಕ್ಯಾತ್ಸಂದ್ರ ದಾಟುವುದರೊಳಗೆ ಆಲಾಪನೆ ಎರಡು ಸಲ ಕಡಿದಿರುತ್ತದೆ.