ಮಾಹಿತಿ ಸೋರಿದ ಔಷಧ ಆ್ಯಪ್: ಹತ್ತೊಂಬತ್ತು ತಿಂಗಳ ಗ್ರಾಹಕನ ವಿಮರ್ಶೆ

ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಹತ್ತೊಂಬತ್ತು ತಿಂಗಳ ಕಾಲ, ಪ್ರತಿ ತಿಂಗಳ ಮೊದಲ ವಾರ ತಪ್ಪದೆ, ಔಷಧದ ಪೊಟ್ಟಣ ತಲುಪಿಸಿದ ಆ್ಯಪ್ ಒಂದರ ಬಗ್ಗೆ ಈ ವಿಮರ್ಶೆ. ನಮ್ಮ ದೂರು ವಿಚಾರಣೆಯಲ್ಲಿರುವುದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಔಷಧ ತರಿಸುವ ಬೇರೆ ಆ್ಯಪ್ ಬಳಸುವವರಿಗೂ ಇಲ್ಲಿಯ ಬಹುಪಾಲು ಮಾತು ಅನ್ವಯಿಸುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಮ್ಮನಿಗೆ ಎಪ್ಪತ್ನಾಲ್ಕು ವರ್ಷ, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇವೆ. ಏಪ್ರಿಲ್–ಮೇ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಿ ಮಾತ್ರೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವುದನ್ನು ಈ ಆ್ಯಪ್ ತಪ್ಪಿಸಿತು. ಮಾತ್ರೆಗಳ ಅವಧಿ ಮುಗಿಯುವ ದಿನಾಂಕ ಯಾವಾಗಲೂ ದೂರವೇ ಇರುತ್ತಿತ್ತು, ಬಿಲ್ಲು ಸರಿಯಾಗಿರುತ್ತಿತ್ತು, ರಿಯಾಯಿತಿಯೂ ಸಿಗುತ್ತಿತ್ತು. ಸೇವೆಯ ಈ ಭಾಗಕ್ಕೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೆ.

2025ರ ದೀಪಾವಳಿ ಮುಗಿದ ವಾರ ಅಮ್ಮನ ಮೊಬೈಲಿಗೆ ಒಂದು ಕರೆ ಬಂತು. ಕರೆ ಮಾಡಿದವನು ತಡವರಿಸುವ ಕನ್ನಡದಲ್ಲಿ ಆ್ಯಪ್‌ನ ಹೆಸರು ಹೇಳಿ, ಮೆಟ್‌ಫಾರ್ಮಿನ್ 500 ಮತ್ತು ಟೆಲ್ಮಿಸಾರ್ಟನ್ 40 ಮಾತ್ರೆಗಳು ಇನ್ನು ಆರು ದಿನಕ್ಕಷ್ಟೇ ಉಳಿದಿರಬೇಕಲ್ಲವೇ ಎಂದು ಕೇಳಿದ. ಅಮ್ಮ ಡಬ್ಬಿ ತೆಗೆದು ಎಣಿಸಿದರೆ ನಿಜವಾಗಿಯೂ ಆರು ದಿನದ ಮಾತ್ರೆಗಳೇ ಇದ್ದವು. ಆರು ತಿಂಗಳ ಔಷಧ ಅರ್ಧ ಬೆಲೆಗೆ ಎಂದು ಅವನು ಲಿಂಕ್ ಕಳಿಸಿದ, ಅಜ್ಜಿಯ ಮಾತು ಕೇಳಿ ನನ್ನ ಮಗ ₹2,940 ಪಾವತಿಸಿದ. ಸಂಜೆ ನಾನು ಮನೆಗೆ ಬಂದು ವಿಷಯ ತಿಳಿದಾಗ ಅಮ್ಮ ಕೇಳಿದ್ದು ಹಣದ ಮಾತಲ್ಲ: "ಅಲ್ಲಪಾ, ನನ್ನ ಗುಳಿಗಿ ಹೆಸರು ಅವನಿಗೆ ಹೆಂಗ ಗೊತ್ತಾತು?"

ಕಂಪನಿಯಿಂದ ಉತ್ತರ ಸಿಕ್ಕಿದ್ದು ನಾವು ಕೇಳಿದ ಇಪ್ಪತ್ತಮೂರು ದಿನಗಳ ನಂತರ. ಇಂಗ್ಲಿಷಿನಲ್ಲಿದ್ದ ಆ ಇಮೇಲ್‌ನ ಮೊದಲ ಎರಡು ಪ್ಯಾರಾಗಳಲ್ಲಿ ಗ್ರಾಹಕರ ಖಾಸಗಿತನ ತಮಗೆಷ್ಟು ಮುಖ್ಯ ಎಂಬ ವರ್ಣನೆಯಿದ್ದು, ಮೂರನೆಯದರಲ್ಲಿ "ಕೆಲವು ಗ್ರಾಹಕರ ಕೆಲವು ವಿವರಗಳು" ಅನಧಿಕೃತವಾಗಿ ಬೇರೆಯವರ ಕೈಸೇರಿರಬಹುದು ಎಂಬ ಒಂದು ವಾಕ್ಯವಿತ್ತು. ಯಾವ ವಿವರ, ಯಾವಾಗ ಸೋರಿತು, ಔಷಧ ಚೀಟಿಯ ಚಿತ್ರವೂ ಹೋಗಿದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಕಳ್ಳರು ಎಲ್ಲಿ ಬೇಕಾದರೂ ನುಗ್ಗಬಹುದು, ಅದನ್ನು ನಾನು ಒಪ್ಪುತ್ತೇನೆ. ಆದರೆ ಮಾಹಿತಿ ಸೋರಿದ ಕೂಡಲೇ ಇಂಥದೊಂದು ಇಮೇಲ್ ಬಂದಿದ್ದರೆ ಅಮ್ಮ ಆ ಕರೆಯನ್ನು ನಂಬುತ್ತಿರಲಿಲ್ಲ. ನನ್ನ ತಕರಾರಿನ ತಿರುಳು ಇದೇ, ನಮ್ಮ ವಕೀಲರು ದೂರನ್ನು ಕಟ್ಟಿದ್ದೂ ಇದರ ಮೇಲೆಯೇ.

ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಹಣ ಮತ್ತೊಂದು ಖಾತೆಗೆ ದಾಟುವ ಮೊದಲು ತಡೆಯಲು ಅವಕಾಶವಿರುವುದು ಆರಂಭದ ಕೆಲವು ಗಂಟೆಗಳಲ್ಲಿ ಮಾತ್ರ. ನಮಗೆ ಅಷ್ಟರಲ್ಲಿ ತಡವಾಗಿತ್ತು. ಮೂರನೆಯವರ ಲೋಪದಿಂದ ನಡೆದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತ್ತು. ಆದರೆ ಪಿನ್ ಒತ್ತಿ ನಾವೇ ಕಳಿಸಿದ ಹಣವನ್ನು ಬ್ಯಾಂಕು ಅನಧಿಕೃತವೆಂದು ಒಪ್ಪುವುದು ಕಷ್ಟ. ಆದರೂ ಆ ದೂರಿನ ಸ್ವೀಕೃತಿ ಸಂಖ್ಯೆ ಮುಂದೆ ದೊಡ್ಡ ಆಧಾರವಾಯಿತು.

ಎರಡನೆಯ ಹೆಜ್ಜೆ ಕಂಪನಿಯ ಕುಂದುಕೊರತೆ ಅಧಿಕಾರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆತ 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಸ್ವೀಕೃತಿ ಎರಡೇ ನಿಮಿಷದಲ್ಲಿ ಬಂತು, ಅದನ್ನು ಕಳಿಸಿದ್ದು ಯಂತ್ರ. ಇತ್ಯರ್ಥದ ಹೆಸರಿನಲ್ಲಿ ಇಪ್ಪತ್ತೊಂಬತ್ತನೆಯ ದಿನ ಬಂದದ್ದು ₹200ರ ಕೂಪನ್, ಅದೂ ₹999ಕ್ಕಿಂತ ಹೆಚ್ಚಿನ ಖರೀದಿಗೆ ಮಾತ್ರ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಕೂಪನ್ ಬಳಸಿದರೆ ದೂರು ಬಗೆಹರಿಯಿತೆಂದು ಭಾವಿಸಲಾಗುವುದು ಎಂದಿತ್ತು. ನಾನು ಬಳಸಲಿಲ್ಲ, ಇಂಥದ್ದು ನಿಮಗೆ ಬಂದರೆ ನೀವೂ ಬಳಸಬೇಡಿ.

ಮುಂದಿನ ದಾರಿ ಯಾವುದೆಂದು ಕೇಳಲು ಪರಿಚಯದ ವಕೀಲರೊಬ್ಬರ ಬಳಿ ಹೋದೆ. "ಸರ್, ಎಷ್ಟು ಪರಿಹಾರ ಕೇಳಬಹುದು?" ಎಂದು ನಾನು ಕೇಳಿದರೆ ಅವರು, "ಅದಿರಲಿ, ಮೊದಲು ನಿಮ್ಮ ಬಿಲ್ಲುಗಳನ್ನು ತೋರಿಸಿ" ಎಂದರು. ಬಿಲ್ಲಿಗೆ ಅಷ್ಟು ಬೆಲೆ ಏಕೆಂದು ಆಮೇಲೆ ತಿಳಿಯಿತು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ಉಚಿತ ಸೇವೆಯು ಸೇವೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದ್ದರಿಂದ ಒಂದು ಪೈಸೆಯೂ ಕೊಡದೆ ಬಳಸಿದ ಆ್ಯಪ್‌ನಿಂದ ಮಾಹಿತಿ ಸೋರಿದರೆ ಗ್ರಾಹಕ ಎನಿಸಿಕೊಳ್ಳುವುದೇ ಮೊದಲ ತೊಡಕಾಗುತ್ತದೆ. ನಾವು ಹಣ ಕೊಟ್ಟು ಔಷಧ ಕೊಂಡವರು. ಖಾತೆ ನನ್ನ ಹೆಸರಿನಲ್ಲಿದ್ದರೂ, ಔಷಧ ಬಳಸಿದ ಅಮ್ಮನೂ ಫಲಾನುಭವಿಯಾಗಿ ಗ್ರಾಹಕಳೇ.

ಯಾವ ಗ್ರಾಹಕ ಆಯೋಗಕ್ಕೆ ಹೋಗಬೇಕೆಂಬುದನ್ನು ಕೇಳುವ ಪರಿಹಾರದ ಮೊತ್ತ ನಿರ್ಧರಿಸುವುದಿಲ್ಲ, ಸರಕು ಅಥವಾ ಸೇವೆಗೆ ಕೊಟ್ಟ ಬೆಲೆ ನಿರ್ಧರಿಸುತ್ತದೆ. ಆ ಬೆಲೆ ₹50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು, ₹5 ಲಕ್ಷದವರೆಗೆ ಶುಲ್ಕವೂ ಇಲ್ಲ. ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಲು ಈ ಕಾಯ್ದೆ ಅವಕಾಶ ಮಾಡಿದೆ. ಕಂಪನಿಯ ಕಚೇರಿ ಯಾವ ಮಹಾನಗರದಲ್ಲಿದ್ದರೂ ಬಳ್ಳಾರಿಯವರು ಬಳ್ಳಾರಿಯ ಆಯೋಗಕ್ಕೇ ಹೋಗಬಹುದು. ಆ್ಯಪ್‌ನ ಷರತ್ತುಗಳಲ್ಲಿ ವಿವಾದಗಳೆಲ್ಲ ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗಿನ ತೀರ್ಪುಗಾರರಿಗೆ), ಅದೂ ಅವರ ಊರಿನಲ್ಲಿ, ಎಂದು ಬರೆದಿತ್ತು. ಮಧ್ಯಸ್ಥಿಕೆಯ ಷರತ್ತು ಗ್ರಾಹಕರ ದೂರಿಗೆ ಅಡ್ಡಿಯಾಗದು ಎಂದು ಸುಪ್ರೀಂ ಕೋರ್ಟ್ ಎಮ್ಮಾರ್ ಎಂಜಿಎಫ್ ಎಂಬ ಕಟ್ಟಡ ನಿರ್ಮಾಣ ಕಂಪನಿಯ ಪ್ರಕರಣದಲ್ಲಿ 2018ರಲ್ಲೇ ಹೇಳಿಬಿಟ್ಟಿದೆ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಕಾಲಮಿತಿ ಇದೆ.

ದೂರಿನಲ್ಲಿ ಏನೆಂದು ಬರೆಯಬೇಕು ಎಂಬಲ್ಲಿ ವಕೀಲರು ಬಹಳ ಹೊತ್ತು ಯೋಚಿಸಿದರು. ಗ್ರಾಹಕ ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ತಿಳಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಇದೇ ಕಾಯ್ದೆ ಹೇಳುತ್ತದೆ. ಆದರೆ ತಾನು ಯಾರಿಗೂ ಕೊಟ್ಟಿಲ್ಲ, ತನ್ನಿಂದ ಕದ್ದರು ಎಂದು ಕಂಪನಿ ವಾದಿಸುವುದು ಖಚಿತ. ಆದ್ದರಿಂದ ಅವರು ಸೇವಾ ನ್ಯೂನತೆಯನ್ನು ಮುಂದಿಟ್ಟರು. ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ನ್ಯೂನತೆಯೇ ಎಂದು 2019ರ ವ್ಯಾಖ್ಯೆಯಲ್ಲಿ ಸೇರಿಸಲಾಗಿದ್ದು, ಇಪ್ಪತ್ತಮೂರು ದಿನಗಳ ಮೌನ ಅದರಡಿ ಬರುತ್ತದೆ ಎಂಬುದು ಅವರ ನಿಲುವು. ಆಯೋಗ ಇದನ್ನು ಒಪ್ಪುತ್ತದೆಯೇ ಎಂಬುದು ಇನ್ನು ತೀರ್ಮಾನವಾಗಬೇಕು.

ಇನ್ನೊಂದು ಬಾಗಿಲು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ. ಸೂಕ್ಷ್ಮ ವೈಯಕ್ತಿಕ ಮಾಹಿತಿಯ ರಕ್ಷಣೆಯಲ್ಲಿ ನಿರ್ಲಕ್ಷ್ಯ ತೋರಿ ನಷ್ಟ ಉಂಟುಮಾಡಿದ ಕಂಪನಿ ಪರಿಹಾರ ಕೊಡಬೇಕೆಂದು ಅದು ಹೇಳುತ್ತದೆ. 2011ರ ನಿಯಮಗಳಂತೆ ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯ ಸ್ಥಿತಿ, ವೈದ್ಯಕೀಯ ದಾಖಲೆ, ಬಯೋಮೆಟ್ರಿಕ್ ಇವು ಸೂಕ್ಷ್ಮ ಮಾಹಿತಿಗಳು. ಬರೀ ಹೆಸರು, ವಿಳಾಸ, ಫೋನ್ ನಂಬರ್ ಇದರಲ್ಲಿ ಸೇರುವುದಿಲ್ಲ. ಮಾತ್ರೆಯ ಹೆಸರಿನಿಂದಲೇ ಕಾಯಿಲೆ ತಿಳಿಯುವುದರಿಂದ ನಮ್ಮದು ಈ ಪಟ್ಟಿಯೊಳಗೆ ಬರುತ್ತದೆ. ಸಕ್ಕರೆ ಕಾಯಿಲೆಯನ್ನು ನಮ್ಮ ಓಣಿಯಲ್ಲಿ ಯಾರೂ ಮುಚ್ಚಿಡುವುದಿಲ್ಲ, ಸರಿ; ಆದರೆ ಅದೇ ಆ್ಯಪ್‌ನಲ್ಲಿ ಖಿನ್ನತೆಗೋ ಮೂರ್ಛೆರೋಗಕ್ಕೋ ಮಾತ್ರೆ ತರಿಸುವ, ಮನೆಯಲ್ಲಿ ಸಂಬಂಧದ ಮಾತು ನಡೆಯುತ್ತಿರುವ ಹುಡುಗಿಯೊಬ್ಬಳನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ₹5 ಕೋಟಿವರೆಗಿನ ಇಂಥ ಕ್ಲೇಮುಗಳನ್ನು ವಿಚಾರಿಸುವ ನ್ಯಾಯನಿರ್ಣಯ ಅಧಿಕಾರಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ, ಅಂದರೆ ಬೆಂಗಳೂರಿನಲ್ಲಿರುವವರು. ₹2,940ರ ನಷ್ಟಕ್ಕಾಗಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಎಷ್ಟು ಸಲ ಓಡಾಡುವುದು ಎಂದು ಲೆಕ್ಕ ಹಾಕಿ ಆ ದಾರಿಯನ್ನು ಬಿಟ್ಟೆವು. ನಷ್ಟ ಲಕ್ಷಗಳಲ್ಲಿದ್ದವರು ಬಿಡಬಾರದು.

ಹೊಸ ಕಾಯ್ದೆ ಬಂದಿದೆಯಲ್ಲ ಎಂದು ಬಹಳ ಜನ ಕೇಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದರೂ, ಸೋರಿಕೆಯನ್ನು ಬಾಧಿತರಿಗೆ ತಡಮಾಡದೆ ತಿಳಿಸಬೇಕೆಂಬ ಮುಖ್ಯ ಕರ್ತವ್ಯ ಜಾರಿಗೆ ಬರುವುದು ಅಲ್ಲಿಂದ ಹದಿನೆಂಟು ತಿಂಗಳ ಮೇಲೆ, ಅಂದರೆ 2027ರ ಮೇ ಹೊತ್ತಿಗೆ. ಆಗ ಭದ್ರತೆಯ ಲೋಪಕ್ಕೆ ₹250 ಕೋಟಿವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ ₹200 ಕೋಟಿವರೆಗೆ ದಂಡ ಬೀಳಬಹುದು. ಮೊತ್ತ ಕೇಳಲು ಭರ್ಜರಿಯಾಗಿದೆ. ಆದರೆ ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ; ಮಾಹಿತಿ ಕಳೆದುಕೊಂಡವರಿಗೆ ಅದರಲ್ಲಿ ಪಾಲಿಲ್ಲ. ಮೇಲಾಗಿ, ನೊಂದವರಿಗೆ ನೇರ ಪರಿಹಾರ ಕೊಡಿಸುವ 43ಎ ಕಲಂ ಅದೇ ಹೊತ್ತಿಗೆ ರದ್ದಾಗಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ತೀರ್ಪಿನ ನಂತರ ಬಂದ ಕಾಯ್ದೆಯಲ್ಲಿ ಪರಿಹಾರದ ಕಲಂ ಇಲ್ಲದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಒಂದೇ ತೊಂದರೆಗೆ ಒಳಗಾದ ಹಲವರು ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಬಹುದು. ನಮಗೆ ಜೊತೆಗಾರರು ಸಿಗಲಿಲ್ಲ. ಪರಿಹಾರಕ್ಕಿಂತ ಕಂಪನಿಯ ಮೇಲೆ ಕ್ರಮ ಮುಖ್ಯ ಎನ್ನುವವರು ಕೇಂದ್ರೀಯ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರಕ್ಕೆ, ಅಥವಾ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿಯೇ ಜಿಲ್ಲಾಧಿಕಾರಿಗೆ ಬರೆಯಬಹುದು. ವಕೀಲರ ಶುಲ್ಕ ಭಾರವಾದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಅಮ್ಮನೊಬ್ಬಳ ಹೆಸರಿನಲ್ಲಿ ದೂರು ಕೊಟ್ಟಿದ್ದರೆ ನನ್ನ ಖರ್ಚು ಉಳಿಯುತ್ತಿತ್ತು ಎಂಬುದು ಆಮೇಲೆ ಹೊಳೆಯಿತು.

ದೂರನ್ನು ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್ ಮೂಲಕ ಸಲ್ಲಿಸಿದೆವು. ಬಿಲ್ಲುಗಳು, ಕಂಪನಿಯ ಇಮೇಲ್, 1930ರ ಸ್ವೀಕೃತಿ ಮತ್ತು ಅಮ್ಮನ ಮೊಬೈಲಿಗೆ ಕರೆ ಬಂದ ದಿನ-ಸಮಯದ ಸ್ಕ್ರೀನ್‌ಶಾಟ್ ಜೊತೆಗಿದ್ದವು. ಸ್ಕ್ರೀನ್‌ಶಾಟ್ ಹಾಗೇ ಕೊಟ್ಟರೆ ಸಾಲದು, ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಲಗತ್ತಿಸಬೇಕೆಂದು ವಕೀಲರು ಪಟ್ಟು ಹಿಡಿದರು. ನಾನು ಮಾಡಿದ ಒಂದೇ ದೊಡ್ಡ ತಪ್ಪೆಂದರೆ ವಂಚಕನ ಲಿಂಕ್ ಇದ್ದ ಸಂದೇಶವನ್ನು ಸಿಟ್ಟಿನಲ್ಲಿ ಅಳಿಸಿಹಾಕಿದ್ದು. ಕರೆ ಮಾಡಿದವನಿಗೆ ಮಾಹಿತಿ ಈ ಆ್ಯಪ್‌ನಿಂದಲೇ ಸಿಕ್ಕಿತು ಎಂದು ತೋರಿಸಲು ಅದು ಬೇಕಿತ್ತು. ಈಗ ಆ ಕೊಂಡಿ ಅಮ್ಮನ ಅಫಿಡವಿಟ್ ಮೇಲೆ ನಿಂತಿದೆ.

ಔಷಧ ತಲುಪಿಸುವುದರಲ್ಲಿ ನಾಲ್ಕು, ಮಾಹಿತಿ ಕಾಯುವುದರಲ್ಲಿ ಒಂದು, ತಪ್ಪಾದ ಮೇಲೆ ಗ್ರಾಹಕನೊಂದಿಗೆ ನಡೆದುಕೊಂಡ ರೀತಿಗೆ ಸೊನ್ನೆ. ಇದು ನನ್ನ ಅಂಕಪಟ್ಟಿ. ಖಾತೆಯನ್ನೂ ಔಷಧ ಚೀಟಿಗಳನ್ನೂ ಅಳಿಸಿಹಾಕುವಂತೆ ಡಿಸೆಂಬರ್‌ನಲ್ಲಿ ಲಿಖಿತವಾಗಿ ಕೇಳಿದ್ದೆ, ಅಳಿಸಲಾಗಿದೆ ಎಂದು ಉತ್ತರವೂ ಬಂದಿತ್ತು. ಕಳೆದ ಸೋಮವಾರ ಅಮ್ಮನ ಮೊಬೈಲಿಗೆ ಅದೇ ಆ್ಯಪ್‌ನಿಂದ, ನಿಮ್ಮ ಟೆಲ್ಮಿಸಾರ್ಟನ್ ಮುಗಿಯುತ್ತ ಬಂದಿದೆ ಎಂಬ ಸಂದೇಶ ಬಂದಿದೆ. ಈ ಸಲ ಅಳಿಸಿಲ್ಲ. ಎರಡು ಪ್ರತಿ ಮುದ್ರಿಸಿ ಒಂದನ್ನು ವಕೀಲರಿಗೆ ಕೊಟ್ಟಿದ್ದೇನೆ.